ನಿನ್ನ ಮಗಳ ಕೈಯಲ್ಲಿರುವ ಪುಸ್ತಕದ ಬಗ್ಗೆ

ಪ್ರಿಯ ಗೆಳೆಯ,

ಒಂಬತ್ತನೇ ತರಗತಿಯ ಮಗಳು ‘ದಿ ಪ್ರಿನ್ಸೆಸ್ ಡೈರೀಸ್’ ಹಿಡಿದು ಒಬ್ಬಳೇ ನಗುತ್ತ ಕೂರುತ್ತಾಳೆ, ಇಂಥ ಹಗುರ ಕಾದಂಬರಿಗಳಿಂದ ಏನು ಪ್ರಯೋಜನ ಎಂದು ಕೇಳಿದ್ದೀಯೆ. ಮೆಗ್ ಕ್ಯಾಬಟ್ ಬರೆದ ಆ ಪುಸ್ತಕವನ್ನು ನಾನೂ ಓದಿ ಮೆಚ್ಚಿದವನಾದ್ದರಿಂದ ಅವಳ ಪರವಾಗಿ ನಾಲ್ಕು ಮಾತು ಹೇಳಲೇಬೇಕು.

2000ದಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕಿ ಮಿಯಾ ನ್ಯೂಯಾರ್ಕ್ ನಗರದ 14 ವರ್ಷದ ಹುಡುಗಿ. ಕ್ಯಾನ್ಸರ್ ಚಿಕಿತ್ಸೆಯ ನಂತರ ಇನ್ನು ಮಕ್ಕಳಾಗುವಂತಿಲ್ಲ ಎಂದು ತಿಳಿದ ತಂದೆ, ತಾನು ಜೆನೋವಿಯಾ ಎಂಬ ಪುಟ್ಟ ದೇಶದ ಅರಸನೆಂದೂ ಉತ್ತರಾಧಿಕಾರಿ ಅವಳೇ ಎಂದೂ ತಿಳಿಸುತ್ತಾನೆ. ಆದರೆ ಮಿಯಾಳನ್ನು ಕಾಡುವ ಚಿಂತೆಗಳೇ ಬೇರೆ: ಬೀಜಗಣಿತದಲ್ಲಿ ಫೇಲಾಗುವ ಭಯ, ಅದೇ ಬೀಜಗಣಿತದ ಮೇಷ್ಟ್ರೊಂದಿಗೆ ಅಮ್ಮ ಓಡಾಡತೊಡಗಿರುವ ಸಂಕೋಚ, ತಾನು ತೀರ ಎತ್ತರ, ಪಾದಗಳು ದೊಡ್ಡವು, ಮೈ ತುಂಬಿಕೊಂಡಿಲ್ಲ ಎಂಬ ಕೊರಗು. ಇವನ್ನೆಲ್ಲ ಅವಳು ತರಗತಿಯ ನಡುವೆಯೂ ಡೈರಿಗೆ ಇಳಿಸುತ್ತಾಳೆ.

ಹುಡುಗಿಯರು ಇದಕ್ಕೆ ಅಂಟಿಕೊಳ್ಳುವ ಗುಟ್ಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಂತು ಪಡುವ ಸಂಕಟವನ್ನು ಮನೆಯ ಹಿರಿಯರು ‘ಅದೇನು ಮಹಾ’ ಎಂದು ತಳ್ಳಿಹಾಕುತ್ತಾರೆ. ಈ ಪುಸ್ತಕ ಅದನ್ನು ರಾಜ್ಯದ ಉತ್ತರಾಧಿಕಾರದಷ್ಟೇ ಗಂಭೀರವಾಗಿ ತೆಗೆದುಕೊಂಡು, ಆಮೇಲೆ ಅದರ ಜೊತೆ ನಗಲು ಕಲಿಸುತ್ತದೆ. ತಾನು ಯಾರಿಗೂ ಹೇಳಲಾರದ ನಾಚಿಕೆಯನ್ನು ಇನ್ನೊಬ್ಬಳು ಮುಚ್ಚುಮರೆಯಿಲ್ಲದೆ ಬರೆದದ್ದನ್ನು ಓದಿದ ಹುಡುಗಿಗೆ ಎದೆ ಹಗುರಾಗುತ್ತದೆ. ಕಥೆ ಸುಖವಾಗಿಯೇ ಮುಗಿಯುತ್ತದೆಂಬ ಭರವಸೆಯಿರುವುದರಿಂದಲೇ, ತರಗತಿಯ ಮುಂದೆ ಅವಮಾನವಾಗುವ, ಆಪ್ತ ಗೆಳತಿ ಮಾತು ಬಿಡುವ ಸನ್ನಿವೇಶಗಳನ್ನು ಅವಳು ಧೈರ್ಯವಾಗಿ ಮನಸ್ಸಿಗೆ ತಂದುಕೊಳ್ಳಬಲ್ಲಳು.

(2001ರ ಚಲನಚಿತ್ರವನ್ನು ನೋಡಿ ಪುಸ್ತಕವನ್ನು ಅಳೆಯಬೇಡ. ಅಲ್ಲಿ ಕಥೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿದೆ, ತಂದೆ ತೀರಿಕೊಂಡಿದ್ದಾನೆ, ಡೈರಿಯ ದನಿ ಬಹುಪಾಲು ಕಳೆದುಹೋಗಿದೆ.)

ನಮ್ಮ ಅಕ್ಕಂದಿರು ‘ಸುಧಾ’ದ ಧಾರಾವಾಹಿಗಾಗಿ ವಾರವಿಡೀ ಕಾಯುತ್ತಿದ್ದಾಗ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಕಾದಂಬರಿ ತಂದು ಓದುತ್ತಿದ್ದಾಗ, ಅವರಿಗೂ ಇದೇ ಬೈಗುಳ ಸಿಗುತ್ತಿತ್ತು. ದಪ್ಪ ಪುಸ್ತಕವನ್ನು ಒಂದೇ ಪಟ್ಟಿಗೆ ಓದಿ ಮುಗಿಸುವ ರೂಢಿ ಅವರಿಗೆ ಬಂದದ್ದು ಆ ಕಾದಂಬರಿಗಳಿಂದಲೇ.

ಮಿಯಾಳ ಕಥೆ 2009ರವರೆಗೆ 10 ಮುಖ್ಯ ಸಂಪುಟಗಳಲ್ಲಿ ಬೆಳೆಯಿತು. ಕೊನೆಯದರಲ್ಲಿ ಅವಳಿಗೆ 18 ತುಂಬುತ್ತದೆ. ನಿನ್ನ ಮಗಳಿಗೆ ಎರಡನೆಯ ಸಂಪುಟವನ್ನು ನೀನೇ ತಂದುಕೊಡು. ಮೊದಲನೆಯದನ್ನು ಅವಳಿಂದ ಎರವಲು ಪಡೆದು ಓದು; ಆಮೇಲೆ ಅವಳು ಯಾವ ಪುಟದಲ್ಲಿ ನಕ್ಕಳೆಂದು ಕೇಳಿ ನನಗೆ ಬರೆ.

ಇಂತಿ ನಿನ್ನ,
ಗೆಳೆಯ