‘ಮಳೆಯಿಂದಾಗಿ’ ಅಂತ ಬರೆದಿದ್ದೀಯಲ್ಲ

ಪ್ರೀತಿಯ ಹುಡುಗಾ,

ನಿನ್ನ ಕಥೆ ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ ಇವೆಲ್ಲ ಬರೆಯುತ್ತಾ ಸರಿಹೋಗುತ್ತವೆ. ‘ನನ್ನ ಕೈಲಾಗಲ್ಲ, ಬಿಟ್ಟುಬಿಡ್ತೀನಿ’ ಅಂದಿದ್ದೀಯಲ್ಲ, ಅದನ್ನೂ ಸುಮ್ನೆ ಪಕ್ಕಕ್ಕಿಡು. ನನ್ನ ತಕರಾರು ಒಂದೇ ಸಾಲಿನ ಮೇಲೆ: ‘ಮಳೆಯಿಂದಾಗಿ ಅಪ್ಪನ ಅಂಗಡಿ ಮುಳುಗಿತು.’

2022ರ ಸೆಪ್ಟೆಂಬರಿನ ಬೆಂಗಳೂರಿನ ಆ ಮಳೆ ಇಲ್ಲಿ ಬಸವನಗುಡಿಯಲ್ಲೂ ಬಂದಿತ್ತು ಮಾರಾಯ. ನನ್ನ ಚಾಪೆಯೂ ಒದ್ದೆಯಾಗಲಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ, ದೊಡ್ಡ ನದಿಯೂ ಇಲ್ಲದ ಊರು ಮುಳುಗಿತು ಅಂದಮೇಲೆ, ಮಳೆಯ ಹೆಸರು ಹೇಳಿ ಹೇಗೆ ಪಾರಾಗುತ್ತೀಯ? ಹಿಂದಿನವರು ಕೆರೆಗಳನ್ನು ಸರದ ಹಾಗೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು, ಮಳೆನೀರು ಹರಿಯಬೇಕಾದ ರಾಜಕಾಲುವೆಗಳ ಮೇಲೆ ಸೈಟುಗಳು ಬಂದವು, ಊರು ಮುಳುಗಿಸೋಣ ಅಂತ ಯಾರೂ ಮಾಡಲಿಲ್ಲ, ಅವರವರಿಗೆ ಅವರವರ ಅಗತ್ಯ ಇತ್ತು. ನೀರು ಇಳಿಜಾರು ನೋಡುತ್ತದೆ, ಖಾತೆ ನೋಡುವುದಿಲ್ಲ.

ಕಥೆಯಲ್ಲಿ ಅತ್ತೆ ‘ಈ ಸಲ ಗಣಪತಿ ಕೂರಿಸಲಿಲ್ಲ, ಅದಕ್ಕೇ ಹೀಗಾಯ್ತು’ ಅಂತಾಳಲ್ಲ, ಅವಳನ್ನು ಮುಟ್ಟಬೇಡ. ಜೀವಂತ ಇದ್ದಾಳೆ. ಒಂದಾದ ಮೇಲೊಂದು ಆಗುವುದು ಕಾಣುತ್ತದೆ, ನಡುವಿನ ಗಂಟು ಕಾಣುವುದಿಲ್ಲ ಅಂತ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ವಾದಿಸಿದ. ನಮ್ಮಜ್ಜಿ ಕಾಗೆ ಕೂತು ಕೊಂಬೆ ಮುರಿದದ್ದನ್ನಷ್ಟೇ ಹೇಳಿ ನಗುತ್ತಿದ್ದಳು.

ಮೂರನೇ ಪುಟದಲ್ಲಿ ನೀನೇ ಬರೆದಿದ್ದೀಯ: ‘ಜಾಗ ಅಗ್ಗಕ್ಕೆ ಸಿಕ್ಕಿತ್ತು.’ ಬರೆದು ಓಡಿಹೋಗಿದ್ದೀಯ! ಯಾಕೆ ಅಗ್ಗ? ಅಪ್ಪನಿಗೆ ಗೊತ್ತಿತ್ತಾ? ಗೊತ್ತಿದ್ದೂ ಕೊಂಡಿದ್ದರೆ ಯಾವ ಸಾಲ, ಯಾರ ಮದುವೆ ಅವರನ್ನು ಅಲ್ಲಿಗೆ ತಳ್ಳಿತು?

ಹಾಗಂತ ಅಪ್ಪನನ್ನು ಕಟಕಟೆಗೆ ಹತ್ತಿಸಬೇಡ. ಆ ಕೆಲಸ ನಾನು ಮಾಡಿದ್ದೇನೆ. ಇಪ್ಪತ್ತೆಂಟರ ವಯಸ್ಸು. ನಮ್ಮ ಬೀದಿಯಲ್ಲಿ ಗೋಡೆಯೊಂದು ಕುಸಿಯಿತು, ಮೇಸ್ತ್ರಿ ಸಿಮೆಂಟ್ ಕದ್ದ ಅಂತ ಬಿಸಿಬಿಸಿ ಲೇಖನ ಬರೆದೆ. ಜನ ಹೊಗಳಿದರು. ಪಕ್ಕದ ಸೈಟಿನವರು ಪಾಯ ತೋಡುವಾಗ ಗೋಡೆಯ ಬುಡದ ಮಣ್ಣನ್ನೂ ಎಳೆದಿದ್ದರು, ಬೇಡ ಅಂತ ಮೇಸ್ತ್ರಿ ಎರಡು ಸಲ ಹೇಳಿದ್ದ ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ. ಆ ಲೇಖನದ ಕತ್ತರಿಕೆ ಇನ್ನೂ ನನ್ನ ಬೀರುವಿನಲ್ಲಿದೆ, ಎಸೆಯೋಕೂ ಆಗಿಲ್ಲ.

ಅಪ್ಪ ಈಗಲೂ ಅದೇ ಅಂಗಡಿಯಲ್ಲಿ ಕೂರುತ್ತಾರಾ? ಹೋಗಿ ಪಕ್ಕದಲ್ಲಿ ಕೂತು ಕೇಳು. ಸಿಟ್ಟಾದರೆ ಅದನ್ನೂ ಬರೆದು ಕಳಿಸು.