ಗೇಮ್ ತಯಾರಕರಿಗೆ ತಮ್ಮದೇ ಸಂಘ ಬೇಕು

ಮಾನ್ಯರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಆ ಮೇಲೆ ಗೇಮ್ ಮಾಡುತ್ತೇವೆ ಎಂದರೆ ಸಾಕು, "ಅದು ಬ್ಯಾನ್ ಆಗಿದೆಯಲ್ಲ?" ಎಂಬ ಪ್ರಶ್ನೆ. ಜನರದ್ದು ತಪ್ಪಲ್ಲ. ನಮ್ಮಲ್ಲಿ "ಗೇಮಿಂಗ್" ಹೆಸರಿನಲ್ಲಿ ಗಟ್ಟಿಯಾಗಿ ಮಾತಾಡಿದ ಒಕ್ಕೂಟಗಳು ಹೆಚ್ಚಾಗಿ ಹಣ ಕಟ್ಟಿಸಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆಡಿಸುವ ಕಂಪೆನಿಗಳವು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಕಲಮುಗಳು 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದದ್ದೂ ಅಂಥವರ ಅರ್ಜಿಯಿಂದಲೇ. ಸಂಘಕ್ಕೆ ಅಷ್ಟು ಬಲ ಉಂಟು. ಪಜಲ್ ಗೇಮ್, ಅಡುಗೆ ಗೇಮ್ ಮಾಡುವವರ ಕೈಯಲ್ಲಿ ಮಾತ್ರ ಆ ಬಲ ಇರಲಿಲ್ಲ.

ಅಮೆರಿಕದಲ್ಲಿ 1993ರ ಡಿಸೆಂಬರ್‌ನಲ್ಲಿ ಹಿಂಸೆಯ ಗೇಮ್‌ಗಳ ಬಗ್ಗೆ ಸೆನೆಟ್ ವಿಚಾರಣೆ ನಡೆಸಿದಾಗ, ಕಂಪೆನಿಗಳು ಮರುವರ್ಷವೇ ಸಂಘ ಕಟ್ಟಿ, ಯಾವ ಗೇಮ್ ಯಾವ ವಯಸ್ಸಿನವರಿಗೆ ಎಂದು ಹೇಳುವ ಇಎಸ್‌ಆರ್‌ಬಿ ಎಂಬ ವಯೋಮಿತಿ ಮಂಡಳಿ ಶುರುಮಾಡಿದವು.

ಉಡುಪಿ, ಮಣಿಪಾಲ, ಮಂಗಳೂರಿನ ತಯಾರಕರು ಅಷ್ಟು ದೊಡ್ಡದರಿಂದ ಆರಂಭಿಸಬೇಕಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಿಂದ ಗೂಗಲ್ ಪ್ಲೇಯಲ್ಲಿ ಗೇಮ್ ಬಿಡಬೇಕಾದರೆ ಕನಿಷ್ಠ 12 ಮಂದಿ ಸತತ 14 ದಿನ ಕ್ಲೋಸ್ಡ್ ಟೆಸ್ಟಿನಲ್ಲಿ, ಅಂದರೆ ಬಿಡುಗಡೆಗೆ ಮೊದಲು ಆಯ್ದ ಕೆಲವರಷ್ಟೇ ಆಡಿನೋಡುವ ಪರೀಕ್ಷೆಯಲ್ಲಿ, ಇರಬೇಕು. ಹೊಸಬರು ಎಡವುವುದು ಇಲ್ಲೇ. ಅಣ್ಣ, ಭಾವ, ಗೆಳೆಯರನ್ನು ಒಟ್ಟುಮಾಡಿ ಸರಿಯಾಗಿ 12 ಮಂದಿಯನ್ನು ಸೇರಿಸಿರುತ್ತಾರೆ; ಒಂಬತ್ತನೇ ದಿನ ಒಬ್ಬ ಹೊರಬಿದ್ದರೆ ಲೆಕ್ಕ ತಪ್ಪುತ್ತದೆ. ಹೆಸರಿಗೆ ಸೇರಿ ಗೇಮ್ ತೆರೆಯದೇ ಕೂತರೂ ಅನುಮತಿ ಸಿಗದಿರಬಹುದು. 20 ಸದಸ್ಯರ ಸಂಘವಿದ್ದರೆ ಈ ತಲೆಬಿಸಿಯಿಲ್ಲ. ಒಬ್ಬರ ಗೇಮನ್ನು ಇನ್ನೊಬ್ಬರು ನಿಜವಾಗಿ ಆಡಿ, ದೋಷವನ್ನೂ ಹೇಳುತ್ತಾರೆ.

ವಯೋಮಿತಿ ರೇಟಿಂಗಿನದ್ದೂ ಹೀಗೆಯೇ. ಗೂಗಲ್ ಪ್ಲೇಗೆ ಗೇಮ್ ಹಾಕುವ ಪುಟವಾದ ಪ್ಲೇ ಕನ್ಸೋಲಿನಲ್ಲಿ ಐಎಆರ್‌ಸಿ ಎಂಬ ಅಂತಾರಾಷ್ಟ್ರೀಯ ರೇಟಿಂಗ್ ಒಕ್ಕೂಟದ ಪ್ರಶ್ನಾವಳಿ ತುಂಬಿದರೆ ಅಮೆರಿಕ, ಯುರೋಪಿನ ರೇಟಿಂಗ್ ಶುಲ್ಕವಿಲ್ಲದೆ ಸಿಗುತ್ತದೆ. ಮುಂದಿನ ಅಪ್‌ಡೇಟಿನಲ್ಲಿ ಚಾಟ್ ಅಥವಾ ಜೂಜಿನಂಥ ಚಕ್ರ ಸೇರಿಸಿ, ಪ್ರಶ್ನಾವಳಿಯನ್ನು ಮತ್ತೆ ತುಂಬಲು ಮರೆತರೆ ಗೂಗಲ್ ಗೇಮನ್ನೇ ತೆಗೆದುಹಾಕಬಹುದು. ಕೇಂದ್ರದ 2025ರ ಕಾಯ್ದೆ ಇನ್ನೂ ಬಿಗಿ: ಹಣ ಕೊಟ್ಟು ಕೊಂಡ ಕಾಯಿನ್ ಪಣವಿಟ್ಟು, ಗೆದ್ದದ್ದನ್ನು ನಗದು ಮಾಡಿಕೊಳ್ಳುವ ದಾರಿಯಿದ್ದರೆ ಅದು ನಿಷೇಧಿತ ಆಟ. ಕೌಶಲದ ಆಟ ಎಂಬ ವಾದ ನಡೆಯದು. ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂ.ವರೆಗೆ ದಂಡ. ಇದನ್ನು ವಿನ್ಯಾಸದ ಹಂತದಲ್ಲೇ ಹೇಳಿಕೊಡುವವರು ಬೇಕು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಬೈಲಾದಲ್ಲಿ ಎರಡು ವಿಷಯ ಮೊದಲೇ ಬರೆದಿಡಬೇಕು: ಇಬ್ಬರ ಸ್ಟುಡಿಯೊ ಇರಲಿ, ಇನ್ನೂರು ಜನರ ಕಂಪೆನಿ ಇರಲಿ, ಒಂದೇ ಮತ; ಹಣ ಪಣವಿಡುವ ಆಟದವರಿಗೆ ಸದಸ್ಯತ್ವ ಇಲ್ಲ. ಚಂದಾ ನೋಡಿ ಮತ ಕೊಟ್ಟರೆ ಎರಡೇ ವರ್ಷದಲ್ಲಿ ಸಂಘ ದೊಡ್ಡವರ ಪಾಲಾಗುತ್ತದೆ.

ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ 1940ರಿಂದ ಇಲ್ಲಿನ ವ್ಯಾಪಾರಿಗಳ ಅಹವಾಲು ಸರಕಾರಕ್ಕೆ ಮುಟ್ಟಿಸುತ್ತ ಬಂದಿದೆ. ಮೊದಲ ಸಭೆಗೆ ಅವರು ಜಾಗ ಕೊಟ್ಟರೆ ದೊಡ್ಡ ಉಪಕಾರ.

– ಗೇಮ್ ತಯಾರಕರು, ಉಡುಪಿ–ಮಂಗಳೂರು