ದಂಡಿನ ಗೋರಿಗಳಿಗೂ ಕನ್ನಡದ ನಾಲ್ಕು ಸಾಲು ಇರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ಅಕ್ಕನ ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್, ಗುಂಬಜ್ ಎಲ್ಲ ಆಯಿತು. ಎಲ್ಲ ಕಡೆ ಜನವೋ ಜನ. ಆಮೇಲೆ ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಕಾವೇರಿ ದಂಡೆಯಲ್ಲಿ ಬ್ರಿಟಿಷ್ ದಂಡಿನವರನ್ನು ಹೂಳಿದ ಗ್ಯಾರಿಸನ್ ಸ್ಮಶಾನಕ್ಕೂ ಹೋದೆವು. ಅಲ್ಲಿ ನಮ್ಮನ್ನು ಬಿಟ್ಟರೆ ನೆರಳಲ್ಲಿ ಮಲಗಿದ್ದ ಒಂದು ನಾಯಿ, ಅಷ್ಟೇ.

ಸುಮಾರು 300 ಗೋರಿಗಳಿವೆ. "ಇವರೆಲ್ಲ ಟಿಪ್ಪು ಜತೆ ಯುದ್ಧದಲ್ಲಿ ಸತ್ತವರಾ ಮಾಮ?" ಅಂತ ಚಿಕ್ಕವನು ಕೇಳಿದ. ಸುಮಾರು ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಕೋಟೆ ಬಿದ್ದದ್ದು 1799ರ ಮೇ 4ಕ್ಕೆ. ಕಲ್ಲುಗಳ ಮೇಲಿನ ಇಸವಿ ಓದುತ್ತಾ ಹೋದರೆ ಅದಾಗಿ ಎಷ್ಟೋ ವರ್ಷದ ನಂತರ ಸತ್ತವರೂ ಸಿಗುತ್ತಾರೆ, ಹೆಂಗಸರು ಮಕ್ಕಳೂ ಇದ್ದಾರೆ. ಪುಟ್ಟ ಗೋರಿಯೊಂದರ ಅಕ್ಷರ ಪಾಚಿ ಹಿಡಿದು ಅರ್ಧ ಅಳಿಸಿಹೋಗಿತ್ತು, ಚಿಕ್ಕವನು ಬೆರಳಲ್ಲಿ ತಡವಿ ತಡವಿ ಓದಲು ನೋಡಿದ.

ಗೆದ್ದ ದಂಡಿಗೆ ಈ ಊರಿನ ಜ್ವರ ಮಾತ್ರ ಜಗ್ಗಲಿಲ್ಲ. ಸುತ್ತ ನೀರು, ಗದ್ದೆ, ಸೊಳ್ಳೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ, ಇವರಿಗೆ ಪಾಪ ಗೊತ್ತಾಗುವುದಾದರೂ ಹೇಗೆ? ಕೊನೆಗೆ 1809ರಲ್ಲಿ ದಂಡು ಇಲ್ಲಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಯಿತು. ಈಗಲೂ ನಾವು ದಂಡು ಅನ್ನುವ ಕಂಟೋನ್ಮೆಂಟ್ ಅದೇ.

ಇಲ್ಲಿರುವವರೆಲ್ಲ ಇಂಗ್ಲಿಷರೂ ಅಲ್ಲ. ಡಿ ಮ್ಯೂರಾನ್ ಅನ್ನುವ ಸ್ವಿಸ್ ರೆಜಿಮೆಂಟಿನವರು ತುಂಬಾ ಜನ ಇದ್ದಾರೆ. 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು, 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಸೇರಿಕೊಂಡು ನಾಲ್ಕೇ ವರ್ಷಕ್ಕೆ ನಮ್ಮ ಕೋಟೆಗೆ ಮುತ್ತಿಗೆ ಹಾಕಲು ಬಂತು! ಹಾಳುಬಿದ್ದಿದ್ದ ಈ ಜಾಗವನ್ನು 2007-08ರಲ್ಲಿ ದುರಸ್ತಿ ಮಾಡಿಸಿದ್ದೂ ಆ ಪಡೆ ಕಟ್ಟಿದ ಡಿ ಮ್ಯೂರಾನ್ ಮನೆತನದವರೇ, ಸ್ವಿಟ್ಜರ್ಲೆಂಡಿನಿಂದ ಬಂದು.

ಟಿಪ್ಪುವನ್ನು ಕೊಂದವರ ಗೋರಿ ನಮಗ್ಯಾಕೆ ಅಂತ ಗೆಳೆಯನೊಬ್ಬ ರೇಗಿದ. ಪೂಜೆ ಮಾಡಿ ಅಂತ ನಾನೇನೂ ಹೇಳುತ್ತಿಲ್ಲ. ಜ್ವರದ ಕತೆ, ಬೆಂಗಳೂರಿನ ದಂಡಿನ ಕತೆ, ಈ ಸ್ವಿಸ್ ಬಾಡಿಗೆ ಸಿಪಾಯಿಗಳ ಕತೆ ಮಕ್ಕಳಿಗೂ ಅರ್ಥವಾಗುವ ಕನ್ನಡದಲ್ಲಿ ಗೇಟಿನ ಹತ್ತಿರ ಬರೆದು ಹಾಕಲು ಎಷ್ಟು ಖರ್ಚಾದೀತು? ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಸಂಬಂಧಪಟ್ಟವರು ಅಷ್ಟರೊಳಗೆ ಒಂದು ಫಲಕ ನಿಲ್ಲಿಸಲಿ.

– ಒಬ್ಬ ಓದುಗ, ಮೈಸೂರು